ಪೈಲಟ್ ಆಗೋ ಮುಂಚೆ ರೋಸ್ಟರ್ ಬಗ್ಗೆ ಕೇಳಿ

ರಾಯಚೂರು ಜಿಲ್ಲೆಯ ದೇವದುರ್ಗದಲ್ಲೋ ಮಾನ್ವಿಯಲ್ಲೋ ಪಿಯುಸಿ ಸೈನ್ಸ್ ಓದ್ತಾ ಪೈಲಟ್ ಆಗ್ಬೇಕು ಅಂತಿದ್ದೀರಾ? ಸಂಬಳದ ಜೊತೆಗೆ ರೋಸ್ಟರ್, ಅಂದ್ರೆ ಡ್ಯೂಟಿ-ರಜೆಯ ಪಟ್ಟಿ, ಬಗ್ಗೆನೂ ಕೇಳಿ.

ಬೆಳಗಿನ ಜಾವದ ವಿಮಾನ ಅಂದ್ರೆ ನಡುರಾತ್ರಿಗೇ ಎದ್ದು, ಯೂನಿಫಾರ್ಮ್ ಹಾಕಿ ಕ್ಯಾಬ್‌ಗೆ ಕಾಯ್ಬೇಕು. ಹಬ್ಬ ಬಂದ್ರೂ ವಿಮಾನ ನಿಲ್ಲಲ್ಲ. ಒಂದು ಸುಖ ಮಾತ್ರ ನಿಜ: ಡ್ಯೂಟಿ ಮುಗಿದ್ರೆ ಮುಗೀತು, ಆಫೀಸಿನ ಫೈಲ್ ಮನೆಗೆ ಬರಲ್ಲ.

ಪೈಲಟ್‌ಗಳ ದಣಿವಿಗೆ ಮಿತಿ ಹಾಕೋಕೆ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಲ್ಯಾಂಡಿಂಗ್‌ಗಳ ಗರಿಷ್ಠ ಸಂಖ್ಯೆ 6ರಿಂದ 2ಕ್ಕೆ ಇಳೀತು. ವಿಷಯ ದಿಲ್ಲಿ ಹೈಕೋರ್ಟ್‌ಗೆ ಹೋದ ಮೇಲೆ, ಈ ನಿಯಮ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತವಾಗಿ ಜಾರಿಯಾಯ್ತು. ಅದಕ್ಕೆ ಸರಿಯಾಗಿ ತಯಾರಾಗದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾದವು, ಕಂಪನಿಗೆ ರಾತ್ರಿ ಪಾಳಿ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಸಿಕ್ತು. ಈ ವಿನಾಯಿತಿ ನನಗೆ ಸರಿ ಕಾಣಲ್ಲ. ನಿದ್ದೆಗೆಟ್ಟ ಪೈಲಟ್ ಹಿಂದೆ ನೂರೆಂಬತ್ತು ಜನ ಕೂತಿರ್ತಾರೆ.

ಇನ್ನು ಮನೆ ಲೆಕ್ಕ. ಬೆಂಗಳೂರಲ್ಲಿ ಡ್ಯೂಟಿ ಮಾಡೋ ಮಾನ್ವಿ ಹುಡುಗಿಗೆ ಆ 48 ಗಂಟೆಯಲ್ಲಿ ಊರಿಗೆ ಬರೋಕೆ ಒಂದು ರಾತ್ರಿ, ವಾಪಸ್ ಹೋಗೋಕೆ ಒಂದು ರಾತ್ರಿ ಹೋಗುತ್ತೆ. ಅವ್ವನ ಜೊತೆಗೆ ಉಳಿಯೋದು ಒಂದೇ ಹಗಲು, ಅದರಲ್ಲೂ ಅರ್ಧ ನಿದ್ದೆಗೆ. ರಾಯಚೂರಿನ ಯರಮರಸ್ ವಿಮಾನ ನಿಲ್ದಾಣದಿಂದ ವಿಮಾನ ಹಾರೋಕೆ ಶುರುವಾದ್ರೆ ಈ ಲೆಕ್ಕ ಬದಲಾಗುತ್ತೆ.