ಹೊಸ ಸ್ಪೀಕರು ಬೇಕೆ?

ತಿ. ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಕೂಡಿಸಿದುದು ಸರ್ವವಿದಿತ. ಅದು ಷೋಕಿಯ ಮಾತಾಗಿರಲಿಲ್ಲ. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ನಾದ ತಲಪುತ್ತಿರಲಿಲ್ಲ. ಕೊರತೆಯನ್ನು ಅರಿತೇ ಅವರು ವಾದ್ಯವನ್ನು ತಿದ್ದಿದರು.

ಮನೆಯ ಸ್ಟೀರಿಯೋಗೆ ಹೊಸ ಸ್ಪೀಕರು ಕೊಳ್ಳಹೊರಟ ಗೃಹಸ್ಥರೂ ಮೊದಲು ಯೋಚಿಸಬೇಕಾದುದು ಇದನ್ನೇ: ಕೊರತೆ ಎಲ್ಲಿದೆ?

ಸ್ಪೀಕರಿನ ಮೇಲೆ ನಮೂದಿಸಿದ ವ್ಯಾಟು ಅದು ತಾಳಬಲ್ಲ ಶಕ್ತಿಯೇ ಹೊರತು ಹೊಮ್ಮಿಸುವ ನಾದವಲ್ಲ. ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ; ಸದ್ದು ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ಶಕ್ತಿ ಬೇಕು. ನಂಜನಗೂಡಿನ ಹಳೆಯ ಮನೆಯ ಕಿರಿದಾದ ಹಜಾರಕ್ಕೆ ಅಷ್ಟು ಅಬ್ಬರವೇಕೆ?

ಅಲ್ಲಿ ಮೃದಂಗ ಗುಂಯ್‌ಗುಟ್ಟಿದರೆ ಪೆಟ್ಟಿಗೆಗಳನ್ನು ಮೂಲೆಯಿಂದ ಮುಂದಕ್ಕೆ ಸರಿಸಿ ನೋಡಬೇಕು. ಮೂಲೆಯು ತಗ್ಗುಸ್ವರಗಳನ್ನು ಉಬ್ಬಿಸುತ್ತದೆ. ಬರಿಯ ಗೋಡೆ, ಕಲ್ಲುನೆಲಗಳು ನಾದವನ್ನು ಮರಳಿಸಿ ಸಾಹಿತ್ಯವನ್ನು ಕಲಸುತ್ತವೆ. ಜಮಖಾನೆ, ದಪ್ಪ ಪರದೆಗಳು ಅದನ್ನು ತಗ್ಗಿಸುತ್ತವೆ. ಎರಡು ಪೆಟ್ಟಿಗೆಗಳೂ ಕೇಳುವವರೂ ಸಮಭುಜ ತ್ರಿಕೋನದ ಮೂರು ತುದಿಗಳಲ್ಲಿರುವುದು ಲೇಸು. ಇವಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ.

ಇಷ್ಟಾಗಿಯೂ ಕೊರತೆ ನೀಗದಿದ್ದರೆ, ಇಲ್ಲವೆ ಕೋನಿನ ಅಂಚೇ ಹರಿದಿದ್ದರೆ, ಹೊಸದನ್ನು ಕೊಳ್ಳುವುದು ನ್ಯಾಯವೇ. ಆಂಪ್ಲಿಫಯರಿಗೆ ಒಪ್ಪುವ ಓಮ್ ಸಂಖ್ಯೆಯನ್ನು ಮರೆಯಲಾಗದು. ಸಾಧ್ಯವಾದರೆ ಮನೆಯಲ್ಲಿಯೇ, ಚಿರಪರಿಚಿತವಾದ ಹಾಡೊಂದನ್ನು ಹಾಕಿ, ಹಳೆಯದನ್ನೂ ಹೊಸದನ್ನೂ ಸಮಾನವಾದ ಸದ್ದಿನಲ್ಲಿ ಹೋಲಿಸಬೇಕು. ಜೋರಾದುದನ್ನೇ ಇಂಪೆಂದು ಭ್ರಮಿಸುವುದು ಕಿವಿಯ ಸ್ವಭಾವ; ಆ ಭ್ರಮೆಗೆ ಸಂಸಾರದ ಉಳಿತಾಯವನ್ನು ತೆರಬೇಕಾಗಿಲ್ಲ.