ಧನ ದನವಾಗದಿರಲು

'ಧನ' ಎಂದು ಬರೆಸಿದ ಬೋರ್ಡು ದೂರದಿಂದ 'ದನ' ಎಂದು ಕಂಡರೆ ಓದಿದವರನ್ನು ದೂರಬೇಡಿ, ಅಕ್ಷರವನ್ನು ನೋಡಿ. ಶಾಲೆಯಲ್ಲಿ ನಾವು 'ಹೊಟ್ಟೆ ಸೀಳು' ಎಂದು ಕಲಿತ ಆ ಪುಟ್ಟ ಗೀಟು, ಅಕ್ಷರ ದಪ್ಪವಾದಂತೆಲ್ಲ ಸುತ್ತಲಿನ ಮಸಿಯಲ್ಲಿ ಮುಳುಗುತ್ತದೆ. ಶೀರ್ಷಿಕೆ, ಪೋಸ್ಟರ್, ಅಂಗಡಿ ಬೋರ್ಡುಗಳಿಗೆ ದಪ್ಪ ಫಾಂಟ್ ರೂಪಿಸುವವರಿಗೆ ಇದೊಂದು ದೊಡ್ಡ ತಲೆನೋವು.

ಇಂಥ ಅಕ್ಷರಗಳ ಹುಚ್ಚು ಹತ್ತಿದ್ದು 19ನೇ ಶತಮಾನದ ಆರಂಭದ ಲಂಡನ್ನಿನಲ್ಲಿ. ಜಾಹೀರಾತುಗಳಿಗಾಗಿ ಅಚ್ಚಿನವರು ಉದ್ದಗೀಟುಗಳನ್ನು ಊದಿಸಿ, ಅಡ್ಡಗೀಟುಗಳನ್ನು ಕೂದಲೆಳೆಯಷ್ಟು ತೆಳುವಾಗಿಸಿದರು. ಅದಕ್ಕೆ 'ಫ್ಯಾಟ್ ಫೇಸ್' ಎಂಬ ಹೆಸರು ಬಂತು. ದೊಡ್ಡ ಸೀಸದ ಅಚ್ಚುಮೊಳೆಗಳು ವಿಪರೀತ ಭಾರ. ಹಾಗಾಗಿ ಅಮೆರಿಕದ ಡೇರಿಯಸ್ ವೆಲ್ಸ್ 1828ರಲ್ಲಿ ಮರದ ಅಕ್ಷರಗಳ ಮಾದರಿ ಪುಸ್ತಕವನ್ನೇ ಹೊರತಂದರು.

ಆ ರೋಮನ್ ಅಕ್ಷರಗಳ ಗೀಟಿನ ತುದಿಗೆ ಪಾದದಂಥ ಚಾಚು ಇರುತ್ತದೆ. ಅದೇ ಸೆರಿಫ್. ಕನ್ನಡದ ಅಕ್ಷರಗಳಿಗೆ ಪಾದವಿಲ್ಲ, ತಲೆಕಟ್ಟಿದೆ. ಅದೂ ಎಲ್ಲಕ್ಕೂ ಇಲ್ಲ. ಗೋಕಾಕ ತಾಲ್ಲೂಕಿನ 'ಕೊಣ್ಣೂರ'ವನ್ನೇ ಬರೆದು ನೋಡಿ. 'ಕೊ'ದಲ್ಲಿ ತಲೆಕಟ್ಟಿನ ಜಾಗಕ್ಕೆ ಸ್ವರಚಿಹ್ನೆ ಬಂದು ಕೂತಿದೆ, 'ಣ'ಕ್ಕೆ ಮೊದಲೇ ಇಲ್ಲ, ಉಳಿದದ್ದು 'ರ'ಕ್ಕೆ ಮಾತ್ರ. ಹಾಗಾಗಿ ಕನ್ನಡದ ಸೆರಿಫ್ ಫಾಂಟಿನ ಗುರುತು ಮುಖ್ಯವಾಗಿ ಗೀಟು ದಪ್ಪಗಾಗುತ್ತ ತೆಳುವಾಗುತ್ತ ಸಾಗುವ ಬಳುಕಿನಲ್ಲಿದೆ. ಈ ಊರಿನ ಹೆಸರಲ್ಲಿ ಇನ್ನೊಂದು ಪೇಚೂ ಉಂಟು: 'ಣ್ಣೂ'ದ ಒತ್ತು ಕೆಳಗೆ ಜೋತುಬೀಳುತ್ತದೆ. ಬೋರ್ಡಿನ ಎತ್ತರದಲ್ಲಿ ಒಂದು ಪಾಲು ಅದಕ್ಕೇ ಹೋಗಿ, ಮೂಲಾಕ್ಷರ ಕುಗ್ಗುತ್ತದೆ. ಪಕ್ಕದ 'ಘಟಪ್ರಭಾ'ದಲ್ಲಿ 'ಪ್ರ'ದ ಒತ್ತು ಬಂದು 'ಭಾ'ದ ಸೀಳಿಗೆ ಢಿಕ್ಕಿ ಹೊಡೆಯುವ ಅಪಾಯ.

ಎಷ್ಟು ಬಿಡುವು ಬೇಕು? ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. 6 ಮೀಟರ್ ದೂರದಲ್ಲಿ ಅದು ಸುಮಾರು 1.7 ಮಿಲಿಮೀಟರ್, 30 ಮೀಟರ್ ದೂರದಲ್ಲಿ ಸುಮಾರು 9 ಮಿಲಿಮೀಟರ್. ಎಂದರೆ 30 ಮೀಟರಿನಿಂದ 'ಧ' ಧ ಆಗಿಯೇ ಕಾಣಬೇಕಾದರೆ ಸೀಳಿನ ಗೀಟಿಗೂ ಅದರ ಆಚೀಚೆಯ ಬಿಳಿಗೂ ತಲಾ 9 ಮಿಲಿಮೀಟರಾದರೂ ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸು ಆ 30 ಮೀಟರನ್ನು 3 ಸೆಕೆಂಡಿನಲ್ಲಿ ದಾಟುತ್ತದೆ. ಓದಲು ಸಿಗುವುದೂ ಅಷ್ಟೇ ಹೊತ್ತು. ಕಪ್ಪು ಹಲಗೆಯ ಮೇಲಿನ ಬಿಳಿ ಅಕ್ಷರ ಇದ್ದುದಕ್ಕಿಂತ ದಪ್ಪ ಕಾಣುವುದರಿಂದ ಅಲ್ಲಿ ಗೀಟನ್ನು ಕೊಂಚ ಸಣ್ಣ ಮಾಡಬೇಕು.

ಕಂಪ್ಯೂಟರಿನ 'ಬೋಲ್ಡ್' ಗುಂಡಿಗೆ ಈ ಲೆಕ್ಕ ತಿಳಿಯದು. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದರೆ ತಂತ್ರಾಂಶ ಎಲ್ಲ ಗೀಟುಗಳಿಗೂ ಒಂದೇ ಸಮ ಮಸಿ ಬಳಿಯುತ್ತದೆ. ಒತ್ತು, ಸೀಳು ಕಟ್ಟಿಹೋಗುತ್ತವೆ. 'ನೋಟೋ ಸೆರಿಫ್ ಕನ್ನಡ' ಎಂಬ ಫಾಂಟಿನಲ್ಲಿ ತೀರ ತೆಳುವಿನಿಂದ ತೀರ ದಪ್ಪದವರೆಗೆ 9 ತೂಕಗಳಿವೆ. ಮುಂಬೈನ ಏಕ್ ಟೈಪ್ ತಂಡದ ದುಂಡನೆಯ 'ಬಲೂ ತಮ್ಮ' ಸೆರಿಫ್ ಅಲ್ಲ, ಆದರೆ ಶೀರ್ಷಿಕೆಗೆಂದೇ ಹುಟ್ಟಿದ್ದು. ಎರಡೂ ಉಚಿತ.

ಕೈಯಲ್ಲಿ ಬೋರ್ಡ್ ಬರೆಯುವ ಪೇಂಟರ್ ಒತ್ತು ಬಂದ ಕಡೆ ಕುಂಚವನ್ನು ತುಸು ಎತ್ತಿ ಜಾಗ ಮಾಡಿಕೊಳ್ಳುತ್ತಾನೆ. ಫಾಂಟ್ ರೂಪಿಸುವವರು ಆ ಎತ್ತುವಿಕೆಯನ್ನು ಪ್ರತಿ ಅಕ್ಷರಕ್ಕೂ ಪ್ರತಿ ಒತ್ತಿಗೂ ಮೊದಲೇ ಯೋಚಿಸಿ ಇಡಬೇಕು. ಫ್ಲೆಕ್ಸ್ ಅಚ್ಚಿಗೆ ಕೊಡುವ ಮುನ್ನ ಒಂದು ಅಕ್ಷರವನ್ನು ನಿಜ ಅಳತೆಯಲ್ಲಿ ತೆಗೆಸಿ, ಗೋಡೆಗೆ ಅಂಟಿಸಿ, ಮೂವತ್ತು ದೊಡ್ಡ ಹೆಜ್ಜೆ ಹಿಂದೆ ಸರಿದು ನೋಡಿ. ಆ ಅಕ್ಷರ 'ಧ' ಆಗಿರಲಿ.