ಮುದಿ ಜೀಪಿಗೆ ಮನೆಮದ್ದು

ಔರಾದ್ ಕಡೆಯ ಹೊಲದ ದಾರಿಗಳಲ್ಲಿ ಎರಡು ಒಳ್ಳೆಯ ಮಳೆ ಬಿದ್ದರೆ ಸಾಕು, ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಮೋಟಾರ್ ಸೈಕಲ್ ಅಲ್ಲೇ ನಿಲ್ಲುತ್ತದೆ, ಕಾರಿನವರು ಆ ದಾರಿಗೆ ಇಳಿಯುವುದೂ ಇಲ್ಲ. ಅಂಥ ಕೆಸರಿನಲ್ಲಿ ಮೂವತ್ತು ವರ್ಷ ದಾಟಿದ ಜೀಪೊಂದು ನಾಲ್ಕೂ ಚಕ್ರ ತಿರುಗಿಸುತ್ತ ನಿಧಾನವಾಗಿ ದಾಟಿ ಹೋದರೆ ನೋಡುವವರಿಗೆ ಸೋಜಿಗ. ಮಾಲೀಕನ ನಿಜವಾದ ಕೆಲಸ ಶುರುವಾಗುವುದು ಮಾತ್ರ ಮನೆಗೆ ಬಂದ ಮೇಲೆ.

ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಕಪ್ಪು ನೆಲ. ಹೀಗಾಗಿ ಇಲ್ಲಿನ ಹಳೆಯ ವಾಹನಕ್ಕೆ ಶತ್ರುಗಳು ಇಬ್ಬರು: ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕಪ್ಪು ಕೆಸರು. ಧೂಳು ಏರ್ ಕ್ಲೀನರ್ ಮೂಲಕ ಎಂಜಿನ್ನಿಗೆ ನುಗ್ಗಲು ನೋಡುತ್ತದೆ, ಕೆಸರು ಕೆಳಗಿನಿಂದ ಒಂದೊಂದೇ ಸೀಲನ್ನು ತಿನ್ನುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಜೀಪಿನ ಆಕಾರದ್ದೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ. ಹಳ್ಳಿಗಳಿಗೆ ಜನರನ್ನು ತುಂಬಿಕೊಂಡು ಓಡಾಡಿದ ಉದ್ದನೆಯ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗಷ್ಟೇ. ಬಗ್ಗಿ ನೋಡಿದಾಗ ಮುಂದಿನ ಚಕ್ರಗಳ ನಡುವೆಯೂ ದುಂಡನೆಯ ಡಿಫರೆನ್ಷಿಯಲ್ ಡಬ್ಬಿ ಕಂಡರೆ ಅದು ನಾಲ್ಕು ಚಕ್ರದ್ದು. ಈ ಕುಲದ ಮೂಲ ಎರಡನೆಯ ಮಹಾಯುದ್ಧ. 1941ರಿಂದ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತರೂ ಇಲ್ಲಿ ಬಹುಕಾಲ ಬಾಳಿತು. ಆ ಬಾನೆಟ್ ಅಂದಕ್ಕೆ ಎತ್ತರವಾದದ್ದಲ್ಲ, ಒಳಗಿನ ಎಂಜಿನ್ ಎತ್ತರವಾಗಿತ್ತು, ಅಷ್ಟೆ. ಆಮೇಲೆ 1985ರ ಹೊತ್ತಿಗೆ ಎಂಎಂ-540, ಅದೇ ವರ್ಷ ಮಾರುತಿ ಜಿಪ್ಸಿ ಬಂದವು.

ಕೆಸರಿನಿಂದ ಬಂದ ಗಾಡಿಯ ಹೊಟ್ಟೆಯನ್ನು ಅದೇ ದಿನ ನೀರು ಹೊಡೆದು ತೊಳೆಯಬೇಕು. ಒಣಗಿದ ಎರೆಮಣ್ಣನ್ನು ಆಮೇಲೆ ಕೆರೆದು ತೆಗೆಯಬೇಕಾಗುತ್ತದೆ. ತೊಳೆಯುವಾಗ ಬಹಳ ಜನ ಮರೆಯುವ ಒಂದು ಭಾಗ ಬ್ರೀದರ್. ಆಕ್ಸಲ್ ಮೇಲಿರುವ ಈ ಪುಟ್ಟ ಗಾಳಿಕಿಂಡಿಯ ಬೆಲೆ ತಿಳಿಯಲು ಹೈಸ್ಕೂಲಿನ ವಿಜ್ಞಾನ ಸಾಕು. ಓಡಿ ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕಿಂಡಿ ತೆರೆದಿದ್ದರೆ ಅಲ್ಲಿಂದ ಗಾಳಿ ಒಳಗೆ ಬರುತ್ತದೆ. ಕೆಸರು ಕಟ್ಟಿಕೊಂಡಿದ್ದರೆ ಸವೆದ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮಾರನೆಯ ದಿನ ಕೆಳಗಿನ ಡ್ರೈನ್ ಬೋಲ್ಟನ್ನು ಒಂದೆರಡು ಸುತ್ತು ಸಡಿಲಿಸಿ ನೋಡಿದರೆ ಗೊತ್ತಾಗುತ್ತದೆ. ನೀರು ಎಣ್ಣೆಗಿಂತ ಭಾರ, ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಪೂರ್ತಿ ಬದಲಿಸದೆ ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಒಂದು ಪಾನಾ, ಒಂದು ಹಳೆಯ ತಟ್ಟೆ ಸಾಕು. ಉಪೇಕ್ಷೆ ಮಾಡಿದರೆ ಮಾತ್ರ ಬೇರಿಂಗು, ಹಲ್ಲಿನ ಗಾಲಿ ಎಲ್ಲ ಹೋಗುತ್ತವೆ.

ಗಾಡಿ ಹೊರಡುವಾಗ ಕೆಳಗೆ 'ಟಕ್' ಎಂದು ಸದ್ದಾದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ ಎಂದೇ ಮೊದಲ ಅನುಮಾನ. ಕಾಲಕಾಲಕ್ಕೆ ಗ್ರೀಸ್ ಗನ್ ಹಿಡಿದವರ ಗಾಡಿಯಲ್ಲಿ ಈ ಸದ್ದು ತಡವಾಗಿ ಕೇಳಿಸುತ್ತದೆ. ಪಾಟಾದ ಕೊಂಡಿಗಳಿಗೂ ಅದೇ ಉಪಚಾರ. ಗೇರಿನ ಪಕ್ಕದ ಚಿಕ್ಕ ಸನ್ನೆಗೋಲಿನ ದೂರು ಬೇರೆ: ಒಮ್ಮೆ ಹಾಕಿದ ಫೋರ್ ವೀಲ್ ಬಿಡಿಸಲು ಬರುವುದಿಲ್ಲ ಎಂಬುದು. ಇಲ್ಲಿ ತಪ್ಪು ಹೆಚ್ಚಾಗಿ ಗಾಡಿಯದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತಬೇಕು. ಈ ಹಳೆಯ ವ್ಯವಸ್ಥೆಯಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಜಾರುವುದಿಲ್ಲ, ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತವೆ. ಸುತ್ತಿಗೆಯಿಂದ ಸನ್ನೆಗೋಲನ್ನು ಬಡಿಯುವ ವೀರರೂ ಇದ್ದಾರೆ! ನಾಲ್ಕು ಗಜ ನೇರವಾಗಿ ರಿವರ್ಸ್ ತೆಗೆದುಕೊಂಡರೆ ಸಾಮಾನ್ಯವಾಗಿ ತಾನೇ ಬಿಡುತ್ತದೆ.

ಬೀದರಿನ ಡಿಸೆಂಬರ್ ಚಳಿಯಲ್ಲಿ ಹಳೆಯ ಡೀಸೆಲ್ ಎಂಜಿನ್ ಬೆಳಿಗ್ಗೆ ಮುನಿಸಿಕೊಂಡರೆ ಹೀಟರ್ ಪ್ಲಗ್, ಬ್ಯಾಟರಿ, ಅರ್ಥಿಂಗ್ ವೈರು, ಈ ಮೂರನ್ನು ನೋಡಿ ಆಮೇಲೆ ಉಸ್ತಾದನಿಗೆ ಕರೆ ಕಳಿಸಿದರಾಯಿತು. ಪೆಟ್ರೋಲ್ ಜೀಪಿನಲ್ಲಾದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು. ವಿಲ್ಲಿಸ್ ಎಂಜಿನ್ನಿಗೆ ಆ ಸಂದಿ ಇಂಚಿನ ಸಾವಿರದಲ್ಲಿ 20 ಭಾಗ, ಸರಿಸುಮಾರು ಅರ್ಧ ಮಿಲಿಮೀಟರ್ ಇರಬೇಕು.

ಬ್ರೇಕ್ ಮತ್ತು ಸ್ಟಿಯರಿಂಗ್ ಮಾತ್ರ ಮನೆಮದ್ದಿನ ವಿಷಯವಲ್ಲ. ಬ್ರೇಕ್ ಹಿಡಿದಾಗ ಗಾಡಿ ಒಂದೇ ಕಡೆಗೆ ಎಳೆದರೆ ಹಬ್ಬಿನ ಸೀಲ್ ಸೋರಿ ಲೈನರಿಗೆ ಗ್ರೀಸ್ ಹತ್ತಿರಬಹುದು ಎಂದು ಮಾಲೀಕ ಗುರುತಿಸಬಹುದು. ಬಿಚ್ಚಿ ಕಟ್ಟುವುದು ಬಲ್ಲವನ ಕೆಲಸ.

ಜೀಪಿನ ಕೆಳಗೆ ಮಲಗುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಆ ಚಕ್ರ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಬಹುದು. ಹ್ಯಾಂಡ್ ಬ್ರೇಕ್ ಹಾಕಿದ್ದೇನೆಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟ ಮೇಲೆಯೇ ಕೆಳಗೆ ನುಸುಳಬೇಕು.

ಪೂರ್ತಿ ಜೀರ್ಣೋದ್ಧಾರಕ್ಕೆ ಕೈಹಾಕಿದವರು ಬಣ್ಣಕ್ಕೆ ಅವಸರ ಮಾಡುತ್ತಾರೆ. ತುಕ್ಕಿನ ಮೇಲೆ ಬಣ್ಣ ಬಳಿದರೆ ಬರುವ ಮಳೆಗಾಲದಲ್ಲೇ ಗುಳ್ಳೆ ಏಳುತ್ತದೆ. ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕುವುದೇ ಸರಿ. ಸಿಜೆ-3ಬಿ ಜೀಪಿನ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ, ತುಕ್ಕು ಹೆಚ್ಚಾಗಿ ಹಿಡಿಯುವ ನೆಲದ ತಗಡಿನ ಪಕ್ಕದಲ್ಲೇ. ಅದನ್ನು ಕಳಚಿ ದೂರ ಇಡದೆ ವೆಲ್ಡಿಂಗ್ ಮಾಡಬಾರದು. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಏಕೆಂದರೆ ಒಳಗೆ ಉಳಿದಿರುವುದು ಪೆಟ್ರೋಲಿನ ಆವಿ.

ಇಷ್ಟೆಲ್ಲ ಮಾಡಿಯೂ ಕಾಗದ ಸರಿಯಿಲ್ಲದಿದ್ದರೆ ಗಾಡಿ ಮನೆ ಮುಂದಿನ ಬೊಂಬೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಲಘು ವಾಹನಕ್ಕೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಆರ್‌ಟಿಓ ಅನುಮತಿ ಬೇಕು. ಕೆಎ-38 ಬೀದರಿನದಾಗಲಿ, ಕೆಎ-39 ಭಾಲ್ಕಿಯದಾಗಲಿ, ಹಳೆಯ ಜೀಪು ಕೊಳ್ಳುವವರು ಎಂಜಿನ್ ಮತ್ತು ಚಾಸಿ ನಂಬರನ್ನು ಆರ್‌ಸಿ ಜೊತೆ ಹೋಲಿಸಿ ನೋಡದೆ ಮುಂಗಡ ಕೊಡಬಾರದು.

ಹೊಸ ಚಿಂತೆಯೊಂದು ಸೇರಿಕೊಂಡಿದೆ. ಸರಕಾರಿ ಇಲಾಖೆಗಳು ಹರಾಜು ಹಾಕಿದ ಜೀಪುಗಳೇ ಹಿಂದೆ ಅನೇಕರಿಗೆ ಮೊದಲ ಗಾಡಿ, ಇಲ್ಲವೇ ಬಿಡಿಭಾಗಗಳ ಗಣಿ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ಗುಜರಿಗೇ ಹೋಗಬೇಕು. ಸೇನೆಯ ವಿಶೇಷ ವಾಹನಗಳಂಥವಕ್ಕೆ ಮಾತ್ರ ವಿನಾಯಿತಿ. ಮನೆಯಲ್ಲಿ ನಿಂತಿರುವ ಹಳೆಯ ಜೀಪನ್ನು ತೂಕಕ್ಕೆ ಹಾಕುವ ಮುನ್ನ ಅಪ್ಪಂದಿರು ಎರಡು ಸಲ ಯೋಚಿಸಲು ಇದೂ ಒಂದು ಕಾರಣ.

ಪರೀಕ್ಷೆ ಮುಗಿದ ರಜೆಯಲ್ಲಿ ಮಗನೋ ಮಗಳೋ ಪಾನಾ ಹಿಡಿದು ಅಪ್ಪನ ಪಕ್ಕ ಕೂತರೆ ತಾಯಂದಿರು ಗದರುವ ಅಗತ್ಯವಿಲ್ಲ, ಬಟ್ಟೆಯ ಮಸಿ ಹೋಗುವುದಿಲ್ಲ ಎಂಬುದು ನಿಜವಾದರೂ. ಆಸಕ್ತಿ ಕುದುರಿದರೆ ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ತರಬೇತಿ ಇದೆ. ಆದರೆ ರಿಪೇರಿ ಮುಗಿಸಿದ ಗಾಡಿಯನ್ನು 'ಒಂದು ರೌಂಡು' ರಸ್ತೆಗೆ ಒಯ್ಯುತ್ತೇನೆಂದು ಹದಿನೆಂಟು ತುಂಬದವರು ಕೇಳಿದರೆ ಕೀಲಿ ಕೊಡಬಾರದು. 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜೀಪಿನ ನೋಂದಣಿಯೂ ಹನ್ನೆರಡು ತಿಂಗಳು ರದ್ದು.